ಅಕ್ಕನ ರಕ್ತ ಹಿಡಿಯದ ಮದ್ದು

ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ನನ್ನ ತಪ್ಪನ್ನು ಇಷ್ಟರಲ್ಲೇ ಮುಗಿಸಬಹುದು. ಆದರೆ ಹೀಗೆ ಮುಗಿಸಿದರೆ ಅದು ಮರೆತುಬಿಟ್ಟವನ ತಪ್ಪಿನ ಹಾಗೆ ಕೇಳಿಸುತ್ತದೆ. ನಾನು ಮರೆತಿರಲಿಲ್ಲ. ಅಕ್ಕ ನನ್ನ ಮುಖ ನೋಡಿ ಕೇಳಿದಳು, ನಾನು ಅವಳ ಮುಖ ನೋಡಿಯೇ ಇಲ್ಲ ಅಂದೆ. ಆಮೇಲೆ ಎರಡು ವರ್ಷ ಒಂದೇ ಮನೆಯಲ್ಲಿ ಇದ್ದು, ಎದುರುಬದುರು ಕೂತು ಉಂಡು, ಆ ಒಂದು ‘ಇಲ್ಲ’ವನ್ನು ಕಾಯ್ದುಕೊಂಡು ಬಂದೆ.

ಅಕ್ಕ ಹೋದ ವರ್ಷ ತೀರಿಕೊಂಡಳು. ಎದೆ ನೋವು ಅಂದಳು, ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ನಾನು ಹೇಳಹೊರಟಿರುವುದಕ್ಕೂ ಅವಳ ಸಾವಿಗೂ ಸಂಬಂಧವಿಲ್ಲ. ಮಣ್ಣಿಗೆ ಬಂದವರಲ್ಲಿ ನನಗೆ ಗುರುತಿಲ್ಲದವರೇ ಹೆಚ್ಚು. ಸುತ್ತಲ ಹಳ್ಳಿಗಳ ವಯಸ್ಸಾದವರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು. ಅವರು ಅಕ್ಕನ ಬಗ್ಗೆ ಮಾತಾಡುತ್ತಿದ್ದಾಗ ಒಂದು ವಿಷಯ ಗಮನಿಸಿದೆ. ಎಷ್ಟೋ ಜನ ತಮಗೇ ತಿಳಿಯದಂತೆ ಮೊಳಕೈಯ ಒಳಮಡಿಕೆಯನ್ನು ಹೆಬ್ಬೆರಳಿನಿಂದ ಸವರಿಕೊಳ್ಳುತ್ತಿದ್ದರು. ಅಕ್ಕ ಅವರಿಗೆ ಸೂಜಿ ಹಾಕಿದ್ದ ಜಾಗ ಅದು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಅವರೆಲ್ಲ ಹೊಗಳುತ್ತಿದ್ದ ಆ ಕೈಯನ್ನು ಒಂದು ಕಾಲಕ್ಕೆ ಕಟ್ಟಿ ಕೂರಿಸಿದವನು ನಾನು ಎಂದು ಅವರಿಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ದಾವಣಗೆರೆಯಲ್ಲಿ ಲ್ಯಾಬ್ ಕೆಲಸ ಕಲಿತು ನಮ್ಮೂರು ಹರಿಹರದ ಒಂದು ನರ್ಸಿಂಗ್ ಹೋಮಿಗೆ ಸೇರಿದ್ದಳು. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ಚೀಟಿ ಬರೆಯುವುದು ಎಲ್ಲಾ ಅವಳೊಬ್ಬಳೇ. ಅದರಲ್ಲಿ ರಕ್ತ ತೆಗೆಯುವುದೇ ಅವಳಿಗೆ ಪ್ರಾಣ. ನರ ಹುಡುಕುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮೊದಲ ಸಲ ಬಂದವರು ಹೆದರುತ್ತಿದ್ದರು, ಇವಳೇನು ನಿದ್ದೆ ಮಾಡುತ್ತಾಳಾ ಎಂದು. ತೋರುಬೆರಳನ್ನು ತೋಳಿನ ಮೇಲೆ ಇಟ್ಟು, ಸ್ವಲ್ಪ ಒತ್ತಿ, ಸ್ವಲ್ಪ ಬಿಟ್ಟು, ಅಷ್ಟರಲ್ಲಿ ಆ ಮನುಷ್ಯನ ಹೊಲದಲ್ಲಿ ಏನು ಬೆಳೆದಿದೆ, ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಂದೆಲ್ಲ ವಿಚಾರಿಸಿಬಿಡುತ್ತಿದ್ದಳು. ಅವರು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಹತ್ತಿ ಒತ್ತಿ ಕೈ ಮಡಚಿಸಿ ಆಗಿರುತ್ತಿತ್ತು. “ಕಣ್ಣಿಗೆ ಕಾಣೋ ನರ ಜಾರಿ ಹೋಗ್ತಾವೆ, ಬೆರಳಿಗೆ ಸಿಕ್ಕಿದ್ದು ಎಲ್ಲಿಗೂ ಹೋಗಲ್ಲ” ಅನ್ನುತ್ತಿದ್ದಳು.

ಜನರನ್ನು ಅವಳು ನೆನಪಿಟ್ಟುಕೊಳ್ಳುತ್ತಿದ್ದುದೂ ಹಾಗೆಯೇ. ಸಂತೆಯಲ್ಲಿ ಯಾರೋ ನಮಸ್ಕಾರ ಹೇಳಿದರೆ ಹೆಸರು ನೆನಪಾಗದೆ ಒದ್ದಾಡುವಳು. ಅವರು ಕೈ ಎತ್ತಿ ಬಿಸಿಲಿಗೆ ಅಡ್ಡ ಹಿಡಿದರೆ ಸಾಕು, “ಓ, ಕೊಕ್ಕನೂರಿನ ಅಮ್ಮ, ಬಲಗೈಯಾಗೆ ಸಿಗಲ್ಲ, ಎಡಗೈ ಮಣಿಕಟ್ಟಿನ ಹತ್ರ ಸಿಗ್ತೈತೆ” ಎಂದು ನನ್ನ ಕಿವಿಯಲ್ಲಿ ಹೇಳುವಳು. ಮನೆಗೆ ಬಂದ ನೆಂಟರ ತೋಳನ್ನು ಅವಳು ನೋಡುವ ರೀತಿಗೆ ಅವ್ವ ಬೈಯುತ್ತಿದ್ದಳು. ಒಮ್ಮೆ ಅವಳನ್ನು ನೋಡಲು ಬಂದ ವರನ ತೋಳನ್ನೂ ಹಾಗೇ ನೋಡುತ್ತ ಕೂತಳಂತೆ. ಅವರು ಹೋದ ಮೇಲೆ ಹುಡುಗ ಹೆಂಗಿದ್ದ ಎಂದು ಅವ್ವ ಕೇಳಿದರೆ, “ನರ ಚಲೋ ಅದಾವೆ, ಮಾತು ಸರಿ ಇಲ್ಲ” ಅಂದಳು. ಆ ಸಂಬಂಧ ಅಲ್ಲಿಗೇ ನಿಂತಿತು. ಆಮೇಲೆ ಬಂದವೂ ನಿಂತವು. ಅವಳೂ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

ನನ್ನದು ಐಸ್ ಕ್ಯಾಂಡಿ ಕೆಲಸ. ಹರಿಹರದಲ್ಲಿ ಒಬ್ಬ ಸಾಹುಕಾರರ ಸಣ್ಣ ಐಸ್ ಫ್ಯಾಕ್ಟರಿಯಲ್ಲಿದ್ದೆ. ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರು, ಅದರಲ್ಲಿ ಇಳಿಬಿಟ್ಟ ತಗಡಿನ ಅಚ್ಚುಗಳು, ಅಚ್ಚಿನೊಳಗೆ ಬಣ್ಣದ ಸಿಹಿನೀರು, ನಡುವೆ ಕಡ್ಡಿ. ಮೆಷಿನ್ ಓಡಿದರೆ ಗಟ್ಟಿ, ಕರೆಂಟು ಹೋದರೆ ನೀರು. ಹದಿನೈದನೇ ವಯಸ್ಸಿನಿಂದ ನಾನು ಕಲಿತದ್ದು ಇದೊಂದೇ. ಗಟ್ಟಿಯಾಗಿರುವುದು ಮಾಲು, ಕರಗಿದ್ದು ಚರಂಡಿಗೆ. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ.

ತೊಂಬತ್ತೇಳನೇ ಇಸವಿ ಬೇಸಿಗೆ. ದಾವಣಗೆರೆ ಜಿಲ್ಲೆ ಆಗುತ್ತದೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ಕಾಲ. ಅಕ್ಕನ ನರ್ಸಿಂಗ್ ಹೋಮಿನ ಡಾಕ್ಟರು, ರಕ್ತ ಮುಟ್ಟುವ ಕೆಲಸದವರೆಲ್ಲ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಬೇಕು ಎಂದು ಹಟ ಹಿಡಿದರು. ಅದು ಲಿವರನ್ನು ತಿನ್ನುವ ಕಾಮಾಲೆ, ಒಂದು ಸೂಜಿ ಚುಚ್ಚಿದರೂ ರಕ್ತದಿಂದ ರಕ್ತಕ್ಕೆ ಬರುತ್ತದೆ, ಬಂದರೆ ಕೆಲವರಲ್ಲಿ ಕೊನೆಯವರೆಗೂ ಉಳಿಯುತ್ತದೆ ಎಂದು ಅಕ್ಕ ನಮಗೆ ಬಿಡಿಸಿ ಹೇಳಿದ್ದಳು. ಒಟ್ಟು ಮೂರು ಸೂಜಿ. ಮೊದಲನೆಯದು ಆದ ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ಕಾಯಿಲೆ ತಡೆಯುವ ಶಕ್ತಿ ಬಂದಿದೆಯೋ ಇಲ್ಲವೋ ನೋಡಬೇಕು.

ಡಾಕ್ಟರು ಲಸಿಕೆ ತರಿಸಿ ಎಲ್ಲರಿಗೂ ಮೊದಲ ಸೂಜಿ ಹಾಕಿದ ವಾರ ಅಕ್ಕ ಅಲ್ಲಿರಲಿಲ್ಲ. ಅವ್ವನ ಕಣ್ಣಿನ ಆಪರೇಷನ್ನಿಗೆ ದಾವಣಗೆರೆಯಲ್ಲಿದ್ದಳು. ಹಾಗಾಗಿ ಅವಳೊಬ್ಬಳ ಮೂರು ಬಾಟಲಿ ಮಾತ್ರ ದಾವಣಗೆರೆಯ ಒಂದು ಔಷಧಿ ಅಂಗಡಿಯಿಂದ ಬೇರೆಯಾಗಿ ತರಬೇಕಾಯಿತು. ನಾನೇ ಹೋಗಿ ತರುತ್ತೇನೆ ಅಂದೆ.

ಹೊರಡುವಾಗ ಅಕ್ಕ ಎರಡೆರಡು ಸಲ ಹೇಳಿದಳು. ಬಾಟಲಿ ತಣ್ಣಗಿರಬೇಕು, ಆದರೆ ಐಸಿಗೆ ತಾಗಬಾರದು. ಸುತ್ತ ಪೇಪರ್ ಸುತ್ತಿಸಿಕೊ, ಸೀದಾ ಬಂದು ಆಸ್ಪತ್ರೆ ಫ್ರಿಜ್ಜಿನಲ್ಲಿ ಇಡು. ನನಗೆ ನಗು ಬಂತು. “ತಣ್ಣಗಿಡೋದನ್ನ ನನಗೆ ಹೇಳಿಕೊಡ್ತೀಯೇನಕ್ಕ?” ಅಂದೆ. ಅವಳೂ ನಕ್ಕಳು. “ಹೌದಪ್ಪ, ಮರೆತಿದ್ದೆ. ನೀನು ಐಸಿನ ಇಂಜಿನಿಯರ್ರು” ಅಂದಳು.

ಅಂಗಡಿಯವರು ಮೂರು ಪುಟ್ಟ ಬಾಟಲಿಗಳನ್ನು ಪೇಪರಿನಲ್ಲಿ ಸುತ್ತಿ, ಥರ್ಮೋಕೋಲ್ ಡಬ್ಬಿಯಲ್ಲಿ ಐಸಿನ ಚೀಲದ ಪಕ್ಕ ಇಟ್ಟು ಕೊಟ್ಟರು. ಆಗ ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಬಸ್ ಹತ್ತಿದ್ದರೆ ಮುಕ್ಕಾಲು ಗಂಟೆಯಲ್ಲಿ ಹರಿಹರ. ನಾನು ಮ್ಯಾಟಿನಿಗೆ ಹೋದೆ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪೂರ್ತಿ ಸಿನಿಮಾ ನೋಡಿದೆ. ಹೊರಗೆ ಬಂದು ಡಬ್ಬಿ ಅಲುಗಿಸಿದರೆ ಒಳಗೆ ಗಳಗಳ ನೀರಿನ ಸದ್ದು. ಐಸೆಲ್ಲ ಕರಗಿ ಹೋಗಿತ್ತು.

ಕರಗಿದ್ದು ಹಾಳು ಎನ್ನುವುದು ನನ್ನ ಕಸುಬಿನ ತಿಳಿವಳಿಕೆ. ಹರಿಹರದಲ್ಲಿ ಇಳಿದವನು ಆಸ್ಪತ್ರೆಗೆ ಹೋಗಲಿಲ್ಲ, ಫ್ಯಾಕ್ಟರಿಗೆ ಹೋದೆ. ಮೂರೂ ಬಾಟಲಿಯನ್ನು ಒಂದು ಖಾಲಿ ಅಚ್ಚಿನಲ್ಲಿ ಹಾಕಿ ತೊಟ್ಟಿಗೆ ಇಳಿಬಿಟ್ಟೆ. ಎಷ್ಟು ತಣ್ಣಗಾದರೆ ಅಷ್ಟು ಒಳ್ಳೆಯದು ಅಂದುಕೊಂಡು ರಾತ್ರಿ ಅಲ್ಲೇ ಮಲಗಿದೆ. ಬೆಳಿಗ್ಗೆ ತೆಗೆದಾಗ ಬಾಟಲಿಯೊಳಗಿದ್ದದ್ದು ಸುಣ್ಣದ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನನಗೆ ಸಮಾಧಾನವಾಯಿತು. ಅಂಗೈಯಲ್ಲಿ ಉಜ್ಜಿ ಉಜ್ಜಿ ನೀರು ಮಾಡಿದೆ. ಮೊದಲು ಹಾಲು ಬೆರೆಸಿದ ನೀರಿನ ಹಾಗೆ ಇದ್ದದ್ದು ಈಗ ಒಡೆದ ಹಾಲಿನ ಹಾಗೆ ಸಣ್ಣ ಸಣ್ಣ ಚೂರು ಚೂರಾಗಿ ಕಾಣುತ್ತಿತ್ತು. ಚೆನ್ನಾಗಿ ಅಲುಗಿಸಿದೆ, ಅಲ್ಲಿಗೆ ಸರಿ ಹೋಯಿತು ಅಂದುಕೊಂಡೆ.

ನರ್ಸಿಂಗ್ ಹೋಮಿಗೆ ಹೋಗಿ ಕೊಟ್ಟಾಗ ಅಕ್ಕ ಒಂದು ಬಾಟಲಿಯನ್ನು ಟ್ಯೂಬ್‌ಲೈಟಿನ ಕೆಳಗೆ ಎತ್ತಿ ಹಿಡಿದಳು. ಅಲುಗಿಸಿದಳು. ಮತ್ತೆ ಹಿಡಿದಳು.

“ಏನೋ ತಳಕ್ಕೆ ಕೂಡ್ರಾಕತ್ತೈತಲ್ಲೋ. ಐಸಿನಾಗೆ ಇಟ್ಟಿದ್ದೇನು?”

“ಇಲ್ಲಕ್ಕ.”

“ನಿನ್ನೆ ಯಾಕ ತಂದುಕೊಡಲಿಲ್ಲ?”

ಬಸ್ಸು ಕೆಟ್ಟು ನಿಂತಿತ್ತು, ರಾತ್ರಿ ದಾವಣಗೆರೆಯ ಗೆಳೆಯನ ಮನೆಯಲ್ಲಿ ಉಳಿದೆ, ಅಲ್ಲಿ ಒದ್ದೆ ಬಟ್ಟೆ ಸುತ್ತಿ ಮಡಕೆ ಪಕ್ಕ ಇಟ್ಟಿದ್ದೆ ಎಂದು ಹೇಳಿದೆ. ಸಿನಿಮಾ ಮುಚ್ಚಿಡಲು ಹೇಳಿದ ಸುಳ್ಳು ಅದು. ಐಸಿನಲ್ಲಿಟ್ಟರೆ ಆ ಮದ್ದು ಸತ್ತುಹೋಗುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಇಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಹುದು. ಆಮೇಲಿನದಕ್ಕೆ ಅದೂ ಇಲ್ಲ.

ಅಕ್ಕ ಇನ್ನೊಂದು ಸಲ ಬಾಟಲಿ ನೋಡಿ ಫ್ರಿಜ್ಜಿನಲ್ಲಿ ಇಟ್ಟಳು. ಅವಳಿಗೆ ಯಾರ ಮೇಲೂ ಬೇಗ ನಂಬಿಕೆ ಬರುತ್ತಿರಲಿಲ್ಲ. ಬೇರೆಯವರು ತೊಳೆದಿಟ್ಟ ಟ್ಯೂಬನ್ನು ಮತ್ತೆ ತೊಳೆಯುತ್ತಿದ್ದಳು. ನನ್ನನ್ನು ಮಾತ್ರ ನಂಬಿದಳು.

ಮೂರೂ ಸೂಜಿ ಮುಗಿದು, ಪರೀಕ್ಷೆಗೆ ರಕ್ತ ಕೊಡುವ ದಿನ ಬಂತು. ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ. ಉಳಿದವರೆಲ್ಲರಿಂದ ರಕ್ತ ತೆಗೆದ ಮೇಲೆ ತನ್ನದನ್ನು ತಾನೇ ತೆಗೆದುಕೊಂಡಳು. ರಬ್ಬರಿನ ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಬಲಗೈಯಲ್ಲಿ ಎಳೆದು ಎಡತೋಳಿಗೆ ಬಿಗಿದು, ಕಣ್ಣು ಮುಚ್ಚಿ ಒಂದೇ ಸಲಕ್ಕೆ. ನಾನು ಮುಖ ತಿರುಗಿಸಿದೆ. ಸೂಜಿ ಕಂಡರೆ ನನಗೆ ಆಗದು. ಅವಳು ಹಲ್ಲಿನಲ್ಲಿ ಪಟ್ಟಿ ಕಚ್ಚಿಕೊಂಡೇ ನಕ್ಕದ್ದು ಕೇಳಿಸಿತು.

ಚೀಟಿ ಬರಲು ಒಂದು ವಾರ ಹಿಡಿಯಿತು. ಕಾಯಿಲೆ ತಡೆಯುವ ಶಕ್ತಿಯ ಅಂಕಿ ಕನಿಷ್ಠ ಹತ್ತಾದರೂ ಇರಬೇಕಂತೆ. ಆಯಾ ಕೆಲಸದವಳಿಗೂ ನೂರರ ಮೇಲೆ ಬಂದಿತ್ತು. ಅಕ್ಕನದು ಎರಡರಷ್ಟೂ ಇರಲಿಲ್ಲ.

ಆ ಸಂಜೆ ಅವಳು ಮನೆಗೆ ಬಂದು ಹೇಳಿದ್ದು ನನಗೆ ಹಾಗೇ ನೆನಪಿದೆ. ಡಾಕ್ಟರು ಅವಳನ್ನು ಕೂರಿಸಿಕೊಂಡು ಮೊದಲು ಕೇಳಿದ್ದು ಮದ್ದು ಎಲ್ಲಾದರೂ ಐಸಾಗಿತ್ತೇ ಎಂದು. ಈ ಲಸಿಕೆ ಒಂದು ಸಲ ಹೆಪ್ಪುಗಟ್ಟಿದರೆ ಮುಗಿಯಿತು, ಮತ್ತೆ ಕರಗಿಸಿದರೂ ನೀರು ಚುಚ್ಚಿಸಿಕೊಂಡ ಹಾಗೆ ಎಂದರಂತೆ. ಅದಕ್ಕೆ ಅಕ್ಕ ಕೊಟ್ಟ ಉತ್ತರವನ್ನು ಅವ್ವನ ಮುಂದೆ ನನ್ನ ಕಡೆ ಕೈ ಮಾಡಿ ಹೇಳಿದಳು.

“ಅದೊಂದು ಮಾತ್ರ ಆಗಿಲ್ರಿ ಡಾಕ್ಟ್ರೇ, ತಂದಿದ್ದು ನನ್ನ ತಮ್ಮ, ಅವನ ಕೆಲಸನೇ ಐಸಿಂದು ಅಂದೆ. ಹಂಗಾದ್ರೆ ನಿಮ್ಮ ಮೈನೇ ಮದ್ದು ಹಿಡಿಯಲ್ಲಮ್ಮ, ಕೆಲವರದು ಹಂಗಿರತೈತೆ ಅಂದ್ರು.”

ನಾನು ಊಟಕ್ಕೆ ಕೂತಿದ್ದೆ. ಆಗ ಹೇಳಬಹುದಿತ್ತು. ಅವ್ವ ಎದುರಿಗಿದ್ದಳು, ಅಕ್ಕ ನನ್ನನ್ನೇ ನೋಡುತ್ತಿದ್ದಳು. ನೀರು ಕುಡಿದೆ.

ಇನ್ನೊಂದು ಸಲ ಮೂರೂ ಸೂಜಿ ಹಾಕಿ ನೋಡೋಣ ಎಂದು ಡಾಕ್ಟರು ಹೇಳಿದ್ದರಂತೆ. ಅಕ್ಕ ಎರಡು ದಿನ ಯೋಚನೆ ಮಾಡಿ ನನ್ನನ್ನೇ ಕೇಳಿದಳು, ಹಾಕಿಸಿಕೊಳ್ಳಲೇನೋ ಎಂದು. ಇಲ್ಲಿ ನಾನು ಮಾಡಿದ್ದು ಸುಮ್ಮನಿದ್ದದ್ದಕ್ಕಿಂತ ಕೆಟ್ಟದ್ದು. ಎರಡನೇ ಸಲ ಹಿಡಿದುಬಿಟ್ಟರೆ ಮೊದಲನೇ ಸಲದ್ದು ಏನಾಗಿತ್ತು ಎಂಬ ಪ್ರಶ್ನೆ ಬರುತ್ತದೆ, ತಿರುಗಿ ನನ್ನ ಹತ್ತಿರವೇ ಬರುತ್ತದೆ ಎಂದು ಹೆದರಿದೆ. “ಯಾಕ ಅಕ್ಕ, ಮೈ ಹಿಡಿಯಲ್ಲ ಅಂತ ಅವರೇ ಹೇಳ್ಯಾರಲ್ಲ. ಸುಮ್ನೆ ಯಾಕ ಮತ್ತೆ ಚುಚ್ಚಿಸ್ಕೊಳ್ತೀಯ, ಬ್ಯಾಡ ಬಿಡು” ಅಂದೆ. ಅವಳು ತಲೆ ಆಡಿಸಿದಳು. ಹೋಗಿ ಡಾಕ್ಟರಿಗೆ ಬೇಡ ಅಂದಳು.

ಡಾಕ್ಟರು ಕೆಟ್ಟವರಲ್ಲ. ಅವಳ ಒಳ್ಳೆಯದಕ್ಕೇ ಅವಳನ್ನು ಲ್ಯಾಬಿನಿಂದ ತೆಗೆದು ಕೌಂಟರಿನಲ್ಲಿ ಕೂರಿಸಿದರು. ಬಂದವರ ಹೆಸರು, ಊರು, ವಯಸ್ಸು ಬರೆದು ಚೀಟಿ ಕೊಡುವ ಕೆಲಸ. ಮುಂದೆ ತಂತಿ ಜಾಲರಿ, ಅದರಲ್ಲಿ ಕೈ ಹೋಗುವಷ್ಟು ಒಂದು ಕಿಂಡಿ. ಹಿಂದೆ ಪ್ಲೈವುಡ್ಡಿನ ಗೋಡೆ, ಅದರಾಚೆ ಲ್ಯಾಬು. ಅವಳ ಜಾಗಕ್ಕೆ ಬಂದವನು ಆಗಷ್ಟೇ ಕಲಿತು ಬಂದವನು. ಗೋಡೆಯಾಚೆ ಮಕ್ಕಳು ಅತ್ತರೆ ಅಕ್ಕ ಬರೆಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಸಂಜೆ ಮನೆಗೆ ಬಂದು, ಇವತ್ತು ಒಂದು ಕೂಸಿಗೆ ನಾಲ್ಕು ಸಲ ಚುಚ್ಚಿದ ಅನ್ನುವಳು. ನೋಡದೆ ಹೇಗೆ ಗೊತ್ತು ಎಂದರೆ, ಪ್ರತಿ ಚುಚ್ಚಿಗೂ ಅಳು ಬೇರೆ ಎಂದು ಹೇಳುವಳು.

ಕಿಂಡಿಯಲ್ಲಿ ಕೈ ತೂರಿಸಿದ ಹಳೇ ರೋಗಿಗಳು, ನೀನು ಯಾಕ ಇಲ್ಲಿ ಕುಂತೀಯವ್ವ, ನೀನೇ ಬಂದು ತೆಗಿ ಅನ್ನುತ್ತಿದ್ದರು. ಅವಳು ಏನೋ ಒಂದು ತಮಾಷೆ ಹೇಳಿ ಕಳಿಸುತ್ತಿದ್ದಳು. ನನಗೆ ಪ್ರಮೋಷನ್ ಆಗೈತೆ, ಈಗ ನಾನು ಜಾಲರಿ ಒಳಗಿನ ಸಾಹೇಬ್ರು ಎಂದು. ಮನೆಯಲ್ಲಿ ಆ ತಮಾಷೆ ಇರುತ್ತಿರಲಿಲ್ಲ. ಟಿ.ವಿ. ಮುಂದೆ ಕೂತು ಅವ್ವನ ಮಣಿಕಟ್ಟು ಹಿಡಿದು, ಬೆರಳಿನಿಂದ ನರ ಹುಡುಕುತ್ತ ಹುಡುಕುತ್ತ ಕಣ್ಣು ಮುಚ್ಚುವಳು. ಅವ್ವ ಕೈ ಎಳೆದುಕೊಂಡರೆ ನನ್ನ ಕೈಗೆ ಬರುವಳು. ಒಂದೆರಡು ಸಲ ನಾನು ಎದ್ದು ಹೊರಗೆ ಹೋದೆ. ನನ್ನ ನಾಡಿ ಹಿಡಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ ಎಂಬ ಹುಚ್ಚು ಭಯ ನನಗೆ.

ಆ ದಿನಗಳಲ್ಲಿ ಅವಳ ಮಾತಿನಲ್ಲಿ ಒಂದು ಹೊಸ ರೀತಿ ಬಂದಿತ್ತು. ಅಡುಗೆಗೆ ಉಪ್ಪು ಹೆಚ್ಚಾದರೂ, ಮಳೆಗೆ ನೆನೆದು ನೆಗಡಿ ಬಂದರೂ, ನನ್ನ ಮೈನೇ ಸರಿ ಇಲ್ಲ ಬಿಡು ಅನ್ನುವಳು. ತನ್ನ ಮೈಯಲ್ಲಿ ಏನೋ ಕಡಿಮೆ ಇದೆ ಎಂದು ಅವಳು ನಂಬಿಬಿಟ್ಟಿದ್ದಳು. ಆ ನಂಬಿಕೆ ದಿನಾ ನನ್ನ ಎದುರಿಗೇ ಬೆಳೆಯುತ್ತಿತ್ತು. ಹೇಳಲು ಒಂದು ದಿನ ತಡವಾದರೆ ಎರಡನೇ ದಿನ ಹೇಳುವುದು ಇನ್ನೂ ಕಷ್ಟ. ಎರಡನೇ ದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಕೊಡಬೇಕು. ಹೀಗೆ ತಿಂಗಳುಗಳು ಸೇರಿಕೊಂಡವು. ಜಾಲರಿಯ ಒಳಗೆ ಅವಳು ಕೂತಿದ್ದಳು, ಸರಿ. ನಾನು ಎಲ್ಲಿ ಕೂತಿದ್ದೆ ಎಂದು ಯಾರಿಗೂ ತೋರಿಸುವ ಹಾಗಿರಲಿಲ್ಲ.

ತೊಂಬತ್ತೆಂಟರ ಮಳೆಗಾಲ ಮುಗಿಯುತ್ತಿದ್ದಾಗ ಕಡರನಾಯಕನಹಳ್ಳಿಯ ಒಬ್ಬ ಮುದುಕಪ್ಪನನ್ನು ನರ್ಸಿಂಗ್ ಹೋಮಿಗೆ ಕರೆತಂದರು. ಹೊಟ್ಟೆ ಉಬ್ಬಿತ್ತು, ಕಣ್ಣು ಹಳದಿ. ಡಾಕ್ಟರು ಊರಲ್ಲಿರಲಿಲ್ಲ. ರಕ್ತ ತೆಗೆದು ಕಳಿಸಿ ಎಂದು ಫೋನಿನಲ್ಲಿ ಹೇಳಿದ್ದರು. ಲ್ಯಾಬಿನವನು ಎರಡೂ ಕೈಯಲ್ಲಿ ಹುಡುಕಿ ಸೋತ. ಮುದುಕಪ್ಪ ನರಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತಂತೆ. ಅಕ್ಕ ಪೆನ್ನು ಕೆಳಗಿಟ್ಟು ಎದ್ದು ಹೋದಳು. ಕೈಗವಸು ಹಾಕಿಕೊಳ್ಳಲಿಲ್ಲ. ಕೈಗವಸು ಹಾಕಿಕೊಂಡರೆ ಬೆರಳಿಗೆ ಕಣ್ಣಿರುವುದಿಲ್ಲ ಎನ್ನುವುದು ಅವಳ ಹಳೆಯ ಮಾತು. ಪಾದದ ಗಿಣ್ಣಿನ ಹತ್ತಿರ ಒಂದು ನರ ಸಿಕ್ಕಿತು, ರಕ್ತವೂ ಬಂತು. ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ ಅದು ಅವಳ ಎಡ ಹೆಬ್ಬೆರಳಿಗೆ ಚುಚ್ಚಿತು.

ಮೂರನೇ ದಿನ ಮುದುಕಪ್ಪನ ಚೀಟಿ ಬಂತು. ಅದೇ ಕಾಮಾಲೆ, ಹೆಪಟೈಟಿಸ್ ಬಿ.

ಅಕ್ಕ ಇದನ್ನು ಹೇಳಿದ್ದು ನನಗೊಬ್ಬನಿಗೆ. ಸಂಜೆ ಹೊಳೆ ದಂಡೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೇಳಿದಳು. ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿದ್ದಳು, ಗಾಯ ಏನೂ ಕಾಣುತ್ತಿರಲಿಲ್ಲ. ಡಾಕ್ಟರಿಗೆ ಹೇಳು ಅಂದೆ.

“ಹೇಳಿದ್ರೆ ಕೌಂಟರಿಂದನೂ ತೆಗಿತಾರೆ. ಲ್ಯಾಬಿಗೆ ಕಾಲಿಡಬ್ಯಾಡ ಅಂತ ಹೇಳಿದ್ದ ಮನುಷ್ಯ ಅವರು. ಹೇಳಿ ಏನು ಮಾಡೋದೈತೆ? ಲಸಿಕೆ ಹಾಕ್ತೀನಿ ಅಂತಾರೆ. ಹಾಕಿದ್ದು ನನ್ನ ಮೈಗೆ ಹತ್ತಬೇಕಲ್ಲ.”

ಅದನ್ನು ಅವಳು ಅಳುತ್ತ ಹೇಳಲಿಲ್ಲ. ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ಹತ್ತುತ್ತದೆ ಅಕ್ಕ, ನಿನ್ನ ಮೈಗೆ ಹತ್ತುತ್ತದೆ, ಇವತ್ತೇ ಹೋಗು ಎಂದು ಹೇಳಬೇಕಾಗಿದ್ದವನು ಪಕ್ಕದಲ್ಲೇ ಕೂತಿದ್ದೆ. ಅವಳ ಜೀವಕ್ಕೇ ಕುತ್ತು ಬಂದಿದೆ ಎಂದು ಗೊತ್ತಿತ್ತು. ಆದರೂ ಈಗ ಹೇಳಿದರೆ ಅವಳು ನನ್ನನ್ನು ಹೇಗೆ ನೋಡುತ್ತಾಳೆ ಎನ್ನುವುದೊಂದೇ ತಲೆಯಲ್ಲಿತ್ತು. “ಏನೂ ಆಗಲ್ಲ ಬಿಡಕ್ಕ” ಅಂದೆ. ಅಕ್ಕ ನನ್ನ ಭುಜ ತಟ್ಟಿದಳು, ನನಗೇ ಸಮಾಧಾನ ಹೇಳುವ ಹಾಗೆ.

ಕಾಯಿಲೆ ಅಂಟಿದೆಯೋ ಇಲ್ಲವೋ ಖಾತ್ರಿಯಾಗಲು ಆರು ತಿಂಗಳು ಕಾಯಬೇಕಿತ್ತು. ಅಷ್ಟರೊಳಗೆ ಮೂರು ಸಲ ರಕ್ತ ಪರೀಕ್ಷೆ. ಮೊದಲೆರಡು ಸಲ ಅಕ್ಕ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಹಲ್ಲಿನಲ್ಲಿ ಪಟ್ಟಿ ಕಚ್ಚಿ ತನ್ನ ರಕ್ತ ತಾನೇ ತೆಗೆದು, ಟ್ಯೂಬಿನ ಮೇಲೆ ಅವ್ವನ ಹೆಸರು ಬರೆದು ನನಗೆ ಕೊಟ್ಟಳು. ನಾನು ಅದನ್ನು ಅಂಗಿ ಜೇಬಿನಲ್ಲಿ ನೇರವಾಗಿ ನಿಲ್ಲಿಸಿಕೊಂಡು ದಾವಣಗೆರೆಯ ಒಂದು ಲ್ಯಾಬಿಗೆ ಒಯ್ದೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಿಲ್ಲ, ಎಲ್ಲಿ ಯಾರು ಒರಗಿ ಒಡೆದುಬಿಡುತ್ತಾರೋ ಎಂದು ಬಾಗಿಲ ಹತ್ತಿರವೇ ನಿಂತೆ. ಅವಳ ರಕ್ತ ಎದೆಗೆ ಬೆಚ್ಚಗೆ ತಾಗುತ್ತಿತ್ತು. ಈ ಸಲ ಎಲ್ಲೂ ನಿಲ್ಲಲಿಲ್ಲ, ಸೀದಾ ಹೋದೆ.

ಮನೆಯಲ್ಲಿ ಅಕ್ಕ ತನ್ನ ಲೋಟ, ಟವೆಲ್ಲು, ಸೋಪು ಬೇರೆ ಮಾಡಿಕೊಂಡಳು. ತರಕಾರಿ ಹೆಚ್ಚುವುದನ್ನು ಬಿಟ್ಟಳು, ಬೆರಳು ಕುಯ್ದುಕೊಂಡರೆ ಎಂದು. ತಟ್ಟೆ ಲೋಟದಿಂದ ಆ ಕಾಯಿಲೆ ಬರುವುದಿಲ್ಲ ಎಂದು ಅವಳಿಗೇ ಚೆನ್ನಾಗಿ ಗೊತ್ತಿತ್ತು. ನನಗೆ ಹಿಂದೆ ಹೇಳಿಕೊಟ್ಟವಳೂ ಅವಳೇ. ಗೊತ್ತಿದ್ದೂ ಹಾಗೆ ಮಾಡಿದಳು. ಯಾಕ ಹಿಂಗಾಡ್ತೀಯ ಎಂದು ಅವ್ವ ಕೇಳಿದರೆ ಬಾಯಿ ಹುಣ್ಣಾಗಿದೆ ಅನ್ನುವಳು. ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ಮುಂದೆ ನಿಂತು ಕಣ್ಣಿನ ಕೆಳರೆಪ್ಪೆ ಎಳೆದು ಹಳದಿ ಇದೆಯಾ ಎಂದು ನೋಡಿಕೊಳ್ಳುವಳು. ಕನ್ನಡಿಯಲ್ಲಿ ನಾನೂ ಕಾಣುತ್ತಿದ್ದೆ. ಅವಳು ತಿರುಗುವ ಮೊದಲೇ ಅಲ್ಲಿಂದ ಸರಿದುಬಿಡುತ್ತಿದ್ದೆ.

ಕೊನೆಯ ಪರೀಕ್ಷೆಗೆ ಅವಳೇ ದಾವಣಗೆರೆಗೆ ಹೋಗಿ ರಕ್ತ ಕೊಟ್ಟಳು. ಚೀಟಿ ತರುವ ದಿನ ಇಬ್ಬರೂ ಜೊತೆಗೆ ಹೋದೆವು. ಲ್ಯಾಬಿನ ಹೊರಗೆ ಚೀಟಿಯನ್ನು ನನಗೆ ಕೊಟ್ಟು, ನೀನೇ ನೋಡು ಅಂದಳು. ಇಂಗ್ಲಿಷಿನಲ್ಲಿದ್ದದ್ದು ನನಗೆ ತಿಳಿಯಲಿಲ್ಲ, ಅವಳಿಗೇ ತಿರುಗಿಸಿ ಹಿಡಿದೆ. ಅವಳು ಓದಿದಳು, ಮಡಚಿದಳು, ಮತ್ತೆ ಬಿಚ್ಚಿ ಓದಿದಳು. ಕಾಯಿಲೆ ಇಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಆರು ತಿಂಗಳಿನಲ್ಲಿ ಮೊದಲ ಸಲ ನನ್ನ ಪೊಟ್ಟಣಕ್ಕೆ ಕೈ ಹಾಕಿ ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಿದ್ದಳು. ಬಹಳ ದಿನದ ಮೇಲೆ ಅಕ್ಕನ ಹಳೇ ಮುಖ ನೋಡಿದೆ. ಹೇಳುವುದಿದ್ದರೆ ಇನ್ನು ಯಾಕೆ, ಎಲ್ಲಾ ಸರಿ ಹೋಯಿತಲ್ಲ ಎಂದು ನನ್ನೊಳಗೆ ಒಂದು ದನಿ. ಅಂದರೆ ನಾನು ಬಿಡುಗಡೆ ಆದೆ ಎಂದು ಅದು ಹೇಳುತ್ತಿತ್ತು. ಹರಿಹರದ ಬಸ್ ಹತ್ತಿ ಕೂತಾಗ ಅದನ್ನು ಪೂರ್ತಿ ನಂಬಿದ್ದೆ.

ಬಸ್ಸು ತುಂಬಿತ್ತು. ನಾವು ಹಿಂದಿನ ಸೀಟಿನಲ್ಲಿ, ಮುಂದೆ ಪೂರ್ತಿ ನಿಂತ ಜನ. ಊರು ದಾಟಿದ ಮೇಲೆ ಅಕ್ಕ ಮಾತು ತೆಗೆದಳು.

“ನಾಳೆ ಡಾಕ್ಟ್ರಿಗೆ ಎಲ್ಲಾ ಹೇಳ್ತೀನಿ. ಚುಚ್ಚಿದ್ದು, ಚೀಟಿ, ಎಲ್ಲಾ. ನನ್ನ ಲ್ಯಾಬ್ ನನಗೆ ವಾಪಸ್ ಕೊಡ್ರಿ ಅಂತೀನಿ.”

“ಮತ್ತೆ ಚುಚ್ಚಿದ್ರೆ?”

“ಚುಚ್ಚಲಿ. ಮದ್ದೂ ಹತ್ತಲಿಲ್ಲ, ಕಾಯಿಲೆನೂ ಹತ್ತಲಿಲ್ಲ. ನನ್ನ ರಕ್ತ ಯಾವುದನ್ನೂ ಹಿಡಿಯಲ್ಲ ಕಣೋ. ಅಷ್ಟು ದಿನ ಸುಮ್ನೆ ಹೆದರಿದ್ದೆ. ಇನ್ನು ಲಸಿಕೆನೂ ಬ್ಯಾಡ, ಕೈಗವಸೂ ಬ್ಯಾಡ.”

ತಮಾಷೆ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ತಮಾಷೆ ಅಲ್ಲ. ಇಷ್ಟು ದಿನ ತನ್ನ ಮೈಯಲ್ಲಿ ಏನೋ ಕೊರತೆ ಇದೆ ಎಂದು ನಂಬಿದ್ದವಳು ಈಗ ಅದನ್ನೇ ಒಂದು ವರ ಎಂದು ತಿರುಗಿಸಿಕೊಂಡಿದ್ದಳು. ಎರಡೂ ನನ್ನ ಒಂದೇ ಸುಳ್ಳಿನಿಂದ ಹುಟ್ಟಿದ್ದು. ಆರು ತಿಂಗಳು ಅವಳನ್ನು ಕಾಪಾಡಿದ್ದು ಅದೃಷ್ಟ. ನಾಳೆಯಿಂದ ಅವಳು ಬರಿಗೈಯಲ್ಲಿ ಸೂಜಿ ಹಿಡಿಯುತ್ತಾಳೆ, ದಿನಕ್ಕೆ ಹತ್ತು ಜನ, ಇಪ್ಪತ್ತು ಜನ. ಅವರಲ್ಲಿ ಯಾರ ರಕ್ತದಲ್ಲಿ ಏನಿದೆಯೋ. ನಾನು ಬಾಯಿ ಬಿಡದಿದ್ದರೆ ಈ ಸಲ ಇದು ಸುಮ್ಮನಿದ್ದ ತಪ್ಪಾಗಿ ಉಳಿಯುವುದಿಲ್ಲ.

“ಅಕ್ಕ, ಆ ಮೂರು ಬಾಟ್ಲಿ...” ಅಂದೆ.

ಬಸ್ಸಿನ ಇಂಜಿನ್ನು ಕಿರುಚುತ್ತಿತ್ತು. ಅವಳು ಕಿವಿ ನನ್ನ ಬಾಯಿಯ ಹತ್ತಿರ ತಂದಳು. ಹೇಳಿದೆ. ಅವಳಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ.

“ಏನು? ಜೋರಾಗಿ ಹೇಳೋ.”

ಮತ್ತೆ ಹೇಳಿದೆ. ಆಗಲೂ ಅವಳಿಗೆ ಪೂರ್ತಿ ಕೇಳಿಸಲಿಲ್ಲ. ಅಷ್ಟರಲ್ಲಿ ಯಾವುದೋ ಸ್ಟಾಪಿನಲ್ಲಿ ಬಸ್ಸು ನಿಂತಿತು, ಇಂಜಿನ್ನಿನ ಸದ್ದು ತಗ್ಗಿತು. ಮುಂದೆ ನಿಂತಿದ್ದವರು ನಮ್ಮ ಕಡೆ ತಿರುಗಿದ್ದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು, ಎರಡು ವರ್ಷದ ಹಿಂದೆ ಬಾಟಲಿ ಹಿಡಿದುಕೊಂಡು ಕೇಳಿದಾಗ ನೋಡಿದ ಹಾಗೆಯೇ. ಈ ಸಲ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

“ನಿನ್ನ ರಕ್ತದಾಗೆ ಏನೂ ತಪ್ಪಿಲ್ಲಕ್ಕ. ನಾನು ಸಿನಿಮಾಕ್ಕೆ ಹೋಗಿದ್ದೆ, ಐಸ್ ಕರಗಿ ಹೋತು, ಆಮೇಲೆ ಮೂರೂ ಬಾಟ್ಲಿನ ಫ್ಯಾಕ್ಟರಿ ತೊಟ್ಟಿಗೆ ಇಳಿಬಿಟ್ಟು ಕಲ್ಲು ಮಾಡಿದೆ. ನಿನಗೆ ಹಾಕಿದ್ದು ಸತ್ತ ಮದ್ದು. ನೀ ಕೇಳಿದಾಗ ಇಲ್ಲ ಅಂದೆ, ಇನ್ನೊಂದು ಸಲ ಹಾಕಿಸ್ಕೊಳ್ಳಲಾ ಅಂದಾಗ ಬ್ಯಾಡ ಅಂದೆ, ಸೂಜಿ ಚುಚ್ಚಿದಾಗಲೂ ಸುಮ್ನಿದ್ದೆ. ನಾಳೆ ಹೋಗಿ ಮತ್ತೆ ಮೂರೂ ಹಾಕಿಸ್ಕೊ, ಹತ್ತತೈತೆ. ನನ್ನಿಂದ ತಪ್ಪಾತಕ್ಕ. ದೊಡ್ಡ ತಪ್ಪಾತು.”